ಎದ್ದು ನಿಲ್ಲದ ಸೋದರಮಾವ

ಮೇಲೂರು
12-2-1994

ಚಿ. ಕೋನಪ್ಪನಿಗೆ ಅಕ್ಕಯ್ಯಮ್ಮನ ಆಶೀರ್ವಾದಗಳು.

ನೀನು ಹೇಗಿದ್ದೀಯಪ್ಪ? ನಿನ್ನ ಹೆಂಡತಿ ರಾಮಲಕ್ಷ್ಮಮ್ಮನ ಬೆನ್ನುನೋವು ವಾಸಿಯಾಯಿತೇ? ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಮಜ್ಜಿಗೆ ಯಾವುದು, ಸುಣ್ಣದ ನೀರು ಯಾವುದು ಎಂದು ಗೊತ್ತಾಗುತ್ತಿದೆಯೋ, ಈಗಲೂ ಮೂಸಿ ನೋಡುತ್ತಾಳೋ? ‘ಓಬಳಮ್ಮನವರು ಹೇಗಿದ್ದಾರೆ’ ಎಂದು ಹೆಸರು ಹಿಡಿದು ಕೇಳಿದ್ದೇನೆ ಎಂದು ಹೇಳು, ನಗಲಿ. ಇಲ್ಲಿ ನಾನು, ನಿನ್ನ ಭಾವ, ಗಂಗರತ್ನ ಎಲ್ಲರೂ ಸುಖವಾಗಿದ್ದೇವೆ. ರೇಷ್ಮೆ ಹುಳುಗಳು ಮೂರನೇ ಜ್ವರ ಕಳೆದು, ಪೊರೆ ಕಳಚಿ ಎದ್ದಿವೆ. ಎಷ್ಟು ಸೊಪ್ಪು ಹಾಕಿದರೂ ಚರಚರ ಎಂದು ತಿಂದು ಮುಗಿಸುತ್ತವೆ. ಬಂದು ಮಾತಾಡಲು ಬಿಡುವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶುಭ ಸಮಾಚಾರ. ಗಂಗರತ್ನಳಿಗೆ ಪೆರೇಸಂದ್ರದ ಗಂಡು ಗೊತ್ತಾಗಿದೆ. ಹೈಸ್ಕೂಲಿನಲ್ಲಿ ಮೇಷ್ಟರು. ಮಾತು ಕಡಿಮೆ. ನಮ್ಮ ಹುಡುಗಿ ಇಬ್ಬರ ಪಾಲೂ ಆಡಿಕೊಳ್ಳುತ್ತಾಳೆ ಬಿಡು. ಮೇ ತಿಂಗಳ ಮಧ್ಯದಲ್ಲಿ ಮುಹೂರ್ತ, ಮನೆ ಮುಂದೆಯೇ ಚಪ್ಪರ.

ನಿನ್ನ ಕೆಲಸ ನಿನಗೆ ಗೊತ್ತಿದೆ. ನಮ್ಮಲ್ಲಿ ಸೋದರಮಾವ ಹೆಣ್ಣನ್ನು ಒಳಮನೆಯಿಂದ ತೋಳಲ್ಲಿ ಎತ್ತಿಕೊಂಡು ಬಂದು ಹಸೆಮಣೆಯ ಮೇಲೆ ಕೂರಿಸದಿದ್ದರೆ ಧಾರೆಯ ನೀರು ಬೀಳುವುದಿಲ್ಲ. ಅವಳಿಗಿರುವವನು ನೀನೊಬ್ಬನೇ ಮಾವ. ಸೊಪ್ಪು ಹೊತ್ತು, ಮುದ್ದೆ ತಿಂದು ಗಟ್ಟಿಯಾಗಿದ್ದಾಳೆ, ಈಗಿನಿಂದಲೇ ಸಾಧನೆ ಮಾಡು! ಪೆರೇಸಂದ್ರದವರೂ ನಿನ್ನನ್ನು ನೋಡಬೇಕು ಎನ್ನುತ್ತಿದ್ದಾರೆ.

ವೆಲ್ಲೂರಿನ ಆಸ್ಪತ್ರೆಯಲ್ಲಿ ನನ್ನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನಿನಗೆ ಹಾಕಿ ಈ ಶಿವರಾತ್ರಿಗೆ ಮೂರು ವರ್ಷವಾಗುತ್ತದೆ. ಮೈಯಲ್ಲಿ ರಕ್ತ ಹುಟ್ಟುವುದೇ ನಿಂತು ಸುಣ್ಣದ ಗೋಡೆಯಂತೆ ಮಲಗಿದ್ದವನು ನೀನು. ಮೊನ್ನೆ ಶಿಡ್ಲಘಟ್ಟದ ದಸ್ತಗಿರ್ ಸಾಬರು ರೇಷ್ಮೆ ಗೂಡಿನ ಬೆಲೆ ಮಾತಾಡಲು ಬಂದಿದ್ದರು. ‘ಗೌರಿಬಿದನೂರಲ್ಲಿ ನಿಮ್ಮ ತಮ್ಮನ್ನ ನೋಡ್ದೆ ಅಕ್ಕಯ್ಯಮ್ಮ, ಮುಖ ಹುಣ್ಣಿಮೆ ಚಂದ್ರನ ಥರಾ ಆಗೈತೆ. ಒಳ್ಳೆ ಸಾಹುಕಾರ್ರ ಕಳೆ!’ ಎಂದರು. ನನಗೆ ಆದ ಸಂತೋಷಕ್ಕೆ ಅವರಿಗೆ ಎರಡು ಸಲ ಟೀ ಕೊಟ್ಟೆ.

ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಹುಳದ ತಟ್ಟೆಗೆ ಹಾಸುವ ಹಳೇ ಪೇಪರು ಓದಿ ಕಲಿತವಳು ನಾನು. ಹುಳು ತಿಂದು ಬಿಟ್ಟಷ್ಟೇ ನನ್ನ ವಿದ್ಯೆ.

ಅಕ್ಕ


ಗೌರಿಬಿದನೂರು
2-3-1994

ಪೂಜ್ಯ ಅಕ್ಕನವರಿಗೆ ನಿಮ್ಮ ತಮ್ಮ ಕೋನಪ್ಪನ ನಮಸ್ಕಾರಗಳು.

ನಾವೆಲ್ಲರೂ ಚೆನ್ನಾಗಿದ್ದೇವೆ. ಗಂಗರತ್ನಳ ಮದುವೆ ನಿಶ್ಚಯವಾದದ್ದು ತಿಳಿದು ಬಹಳ ಸಂತೋಷವಾಯಿತು. ಅಮ್ಮ ಬೀದಿಯವರಿಗೆಲ್ಲ ಸಕ್ಕರೆ ಹಂಚಿದಳು.

ಎತ್ತಿಕೊಂಡು ಬರುವ ವಿಷಯ ಬರೆದಿದ್ದೀರಿ. ಗಂಡು ಮೇಷ್ಟರು, ಓದಿದವರ ಮನೆತನ. ಈಗ ಟೌನಿನಲ್ಲೆಲ್ಲ ಹುಡುಗಿಯರು ತಾವೇ ನಡೆದು ಬಂದು ಹಸೆಯ ಮೇಲೆ ಕೂರುತ್ತಾರೆ. ನೋಡಲು ಅದೂ ಲಕ್ಷಣವಾಗಿಯೇ ಇರುತ್ತದೆ. ಭಾವನವರ ಹತ್ತಿರ ಒಮ್ಮೆ ಮಾತಾಡಿ ನೋಡಿ.

ಮೇ ತಿಂಗಳಲ್ಲಿ ನಮ್ಮ ಸೊಸೈಟಿಗೆ ಆಡಿಟ್ ಬರುತ್ತದೆ. ಗುಮಾಸ್ತ ನಾನೊಬ್ಬನೇ. ರಜೆ ಸಿಗುವುದು ಕಷ್ಟವಾಗಬಹುದು, ನೋಡೋಣ.

ಇತಿ ನಿಮ್ಮ
ಕೋನಪ್ಪ


ಮೇಲೂರು
20-3-1994

ಚಿ. ಕೋನಪ್ಪನಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಒಬ್ಬಳೇ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಸೊಸೈಟಿಯ ಆಡಿಟ್ಟು ವರ್ಷ ವರ್ಷವೂ ಬರುತ್ತದೆ, ಗಂಗರತ್ನಳ ಮದುವೆ ವರ್ಷ ವರ್ಷವೂ ಬರುತ್ತದೇನೋ? ‘ಲಕ್ಷಣವಾಗಿರುತ್ತದೆ’ ಎಂದು ಬರೆದಿದ್ದೀಯ. ಅವಳು ಎರಡು ವರ್ಷದವಳಾಗಿದ್ದಾಗ ‘ಇವಳನ್ನ ನಾನು ಹಸೆಮಣೆಗಲ್ಲ, ಪೆರೇಸಂದ್ರದ ತನಕ ಬೇಕಾದ್ರೂ ಎತ್ಕಂಡು ಹೋಯ್ತೀನಿ’ ಎಂದು ಹೆಗಲ ಮೇಲೆ ಕೂರಿಸಿಕೊಂಡು ಕುಣಿದವನು ನೀನು. ಆಗ ಪೆರೇಸಂದ್ರದ ಗಂಡು ಸಿಗುತ್ತಾನೆಂದು ಯಾರಿಗೆ ಗೊತ್ತಿತ್ತು!

ನಿನ್ನ ಮಾತನ್ನು ಭಾವನಿಗೆ ಹೇಳಲಿಲ್ಲ. ಅವರ ಕೋಪ ನಿನಗೆ ಗೊತ್ತು. ಯುಗಾದಿ ಆದಮೇಲೆ ಲಗ್ನಪತ್ರಿಕೆ, ಎಲೆ ಅಡಿಕೆ ತಟ್ಟೆ ಹಿಡಿದು ಅವರೇ ನಿನ್ನ ಮನೆಗೆ ಬರುತ್ತಾರೆ. ಬಾಗಿಲಿಗೆ ಹೋಗಿ ಕರೆದುಕೋ. ಕಾಲಿಗೆ ನೀರು ಕೊಡು. ನಿನಗೆ ಹೇಳಿಕೊಡಬೇಕೆ?

ಮರೆಯದೆ ಬರೆ. ‘ಬರುತ್ತೇನೆ’ ಎಂದು ಒಂದೇ ಮಾತು ಬರೆದರೂ ಸಾಕು.

ಅಕ್ಕ


ಮೇಲೂರು
19-4-1994

ಕೋನಪ್ಪನಿಗೆ,

ಯಾರ ಕ್ಷೇಮವನ್ನೂ ಕೇಳದೆ ಬರೆಯುವ ಮೊದಲ ಕಾಗದ ಇದು.

ನಿನ್ನ ಭಾವ ನಿನ್ನೆ ಸಂಜೆ ಗೌರಿಬಿದನೂರಿನಿಂದ ಬಂದರು. ಚಪ್ಪಲಿ ಬಿಟ್ಟವರು ಜಗಲಿಯ ಮೇಲೆ ಹಾಗೇ ಕುಳಿತರು. ನೀರು ಕೊಟ್ಟರೆ ಮುಟ್ಟಲಿಲ್ಲ. ‘ಏನಾಯ್ತು’ ಎಂದೆ.

‘ಏನೂ ಆಗ್ಲಿಲ್ಲ ಕಣೇ. ನಾನು ಬಾಗಿಲಲ್ಲಿ ತಟ್ಟೆ ಹಿಡ್ಕಂಡು ನಿಂತಿದ್ದೆ. ನಿನ್ನ ತಮ್ಮ ಕುರ್ಚಿ ಮೇಲೆ ಕೂತಿದ್ದ. ಕೂತೇ ಇದ್ದ. ನಿಮ್ಮಮ್ಮ ಪಕ್ಕದಲ್ಲಿ ನಿಂತು ತಲೆ ಬಾಚ್ತಾ ಇದ್ಲು, ಮೂವತ್ತೇಳು ವರ್ಷದ ಗಂಡಸಿಗೆ! ನನ್ನ ಕಂಡು ಆಯಮ್ಮ ಬಾಚಣಿಗೆ ಬಿಸಾಕಿ ನೀರಿಗೆ ಅಂತ ಓಡಿದ್ಲು. ಇವನು ಕೂತಲ್ಲಿಂದ್ಲೇ ‘ಬನ್ನಿ ಭಾವ’ ಅಂದ. ತಟ್ಟೆ ಮುಂದೆ ಹಿಡಿದ್ರೆ ಕೈ ಕೂಡ ನೀಡ್ಲಿಲ್ಲ, ‘ಅಲ್ಲೇ ಮೇಜಿನ ಮೇಲಿಡಿ’ ಅಂದ. ಮೇಜಿನ ಮೇಲಿಡಕ್ಕೆ ನಾನೇನು ಪೋಸ್ಟ್‌ಮ್ಯಾನಾ?’

ಇಷ್ಟು ಹೇಳಿ ಎದ್ದುಹೋದರು. ಹುಡುಗಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು.

ಕೋನಪ್ಪ, ನಾನು ಯಾವತ್ತೂ ಆಡಿ ತೋರಿಸಿದವಳಲ್ಲ. ಈವತ್ತು ಆಡುತ್ತೇನೆ. ವೆಲ್ಲೂರಿನಲ್ಲಿ ಬೋರಲು ಮಲಗಿ ಸೊಂಟಕ್ಕೆ ಸೂಜಿ ಹಾಕಿಸಿಕೊಂಡದ್ದು ನಾನು. ‘ಮದುವೆಯಾದ ಹೆಂಗಸು, ಮೂಳೆ ಕೊಡಬೇಡ’ ಎಂದು ಇವರ ಕಡೆಯವರೆಲ್ಲ ಹೇಳಿದಾಗ, ‘ಅವಳ ತಮ್ಮ, ಅವಳ ಮೂಳೆ, ನಿಮಗೇನ್ರಯ್ಯ’ ಎಂದು ಬಾಯಿ ಮುಚ್ಚಿಸಿದವರು ಇದೇ ಭಾವ. ನಿನ್ನ ಮೈಯಲ್ಲಿ ಹರಿಯುವುದು ನನ್ನ ರಕ್ತ. ಆ ರಕ್ತಕ್ಕೆ ಕುರ್ಚಿಯಿಂದ ನಿನ್ನ ಸೊಂಟ ಎತ್ತುವಷ್ಟು ಮರ್ಯಾದೆ ಇಲ್ಲದೆ ಹೋಯಿತೇ?

ಇನ್ನು ನೀನು ಬಂದರೂ ಬಿಟ್ಟರೂ ಒಂದೇ. ಹುಡುಗಿಯನ್ನು ಎತ್ತಿಕೊಂಡು ಬರಲು ಭಾವ ತಮ್ಮ ದಾಯಾದಿ ಬಯ್ಯಪ್ಪನಿಗೆ ಹೇಳಿ ಆಯಿತು.

ಅಕ್ಕಯ್ಯಮ್ಮ


ಗೌರಿಬಿದನೂರು
25-4-1994

ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು.

ತಪ್ಪಾಯಿತು. ಭಾವನವರಿಗೆ ನನ್ನ ಪರವಾಗಿ ಕ್ಷಮೆ ಕೇಳಿ. ಬಯ್ಯಪ್ಪನವರು ಎತ್ತಿಕೊಂಡು ಬರಲಿ, ಅದೇ ಸರಿ. ನಾನು ಮದುವೆಗೆ ಬರಲು ಆಗುವುದಿಲ್ಲ. ಅಮ್ಮ, ರಾಮಲಕ್ಷ್ಮಮ್ಮ ಬರುತ್ತಾರೆ. ಹುಡುಗಿಗೆ ಒಂದು ಸೀರೆ ಕಳಿಸುತ್ತೇನೆ. ಮಾವನ ಸೀರೆ ಎಂದು ಹೇಳದಿದ್ದರೂ ಪರವಾಗಿಲ್ಲ, ಉಡಲಿ.

ಕೋನಪ್ಪ


ಮೇಲೂರು
24-5-1994

ಕೋನಪ್ಪ,

ಮದುವೆ ಆಯಿತು. ಹುಡುಗಿ ಪೆರೇಸಂದ್ರಕ್ಕೆ ಹೋದಳು.

ಅಮ್ಮ ನಿನಗೆ ಏನು ಹೇಳಿದ್ದಾಳೋ, ಏನು ಬಿಟ್ಟಿದ್ದಾಳೋ, ನನಗೆ ತಿಳಿಯದು. ಮುಹೂರ್ತದ ಹೊತ್ತಿಗೆ ಬಯ್ಯಪ್ಪ ಪಂಚೆ ಎತ್ತಿಕಟ್ಟಿ, ಬಸ್ಕಿ ಹೊಡೆಯುವವನ ಹಾಗೆ ತೋಳು ಚಾಚಿಕೊಂಡು ಒಳಮನೆಗೆ ಬಂದ. ಗಂಗರತ್ನ ನೀನು ಕಳಿಸಿದ ಸೀರೆಯಲ್ಲಿದ್ದಳು. ‘ಚಿಕ್ಕಪ್ಪ, ನೀನು ನಮ್ಮಪ್ಪನ ಕಡೆಯೋನು, ಮಾವ ಹೆಂಗಾಯ್ತೀಯ? ನಂಗೂ ಎರಡು ಕಾಲವೆ’ ಎಂದಳು. ಎದ್ದು ಸರಸರ ನಡೆದುಕೊಂಡು ಬಂದು ಹಸೆಮಣೆಯ ಮೇಲೆ ಕುಳಿತುಬಿಟ್ಟಳು. ಓಲಗದವನು ಊದುವುದನ್ನು ಮರೆತ. ಚಪ್ಪರದಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ತಲೆ ಎತ್ತಲಾಗದೆ ನಾನು ಅಕ್ಷತೆಯ ತಟ್ಟೆಯನ್ನೇ ನೋಡುತ್ತಾ ನಿಂತೆ.

ಇದನ್ನು ಹೇಳಲು ಬರೆಯುತ್ತಿಲ್ಲ. ಮಾರನೆಯ ಬೆಳಗ್ಗೆ ಹಿತ್ತಲಲ್ಲಿ ಅಮ್ಮ ಅನ್ನದ ಕೊಳಗ ಉಜ್ಜುತ್ತಾ ಕುಕ್ಕರಗಾಲಲ್ಲಿ ಕುಳಿತಿದ್ದಳು. ಏಳಲಿ ಎಂದು ಕೈ ನೀಡಿದೆ. ‘ನನ್ನನ್ನ ಎತ್ತೋದಿರ್ಲಿ ಬಿಡೇ. ಅಲ್ಲಿ ದಿನಾ ಬೆಳಗ್ಗೆ ಒಬ್ಬನ್ನ ಎತ್ತಿ ಎತ್ತಿ ನನ್ನ ತೋಳು ಗಟ್ಟಿಯಾಗವೆ’ ಎಂದಳು. ಎಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

‘ಯಾರನ್ನ?’

‘ಯಾರನ್ನೂ ಇಲ್ಲ.’

‘ಅಮ್ಮಾ.’

‘ಆಣೆ ಹಾಕ್ಸವ್ನೆ ಕಣೇ, ಕೇಳ್ಬೇಡ’ ಎಂದು ಅತ್ತಳು. ರಾಮಲಕ್ಷ್ಮಮ್ಮನನ್ನು ಕೇಳಿದರೆ, ಬಸ್ಸಿಗೆ ಹೊತ್ತಾಯಿತು ಎಂದು ಚೀಲ ಎತ್ತಿಕೊಂಡಳು.

ಏನೋ ಅದು? ಹಳೆಯ ಕಾಯಿಲೆ ತಿರುಗಿ ಬಂತೇ? ಬಂದಿದ್ದರೆ ಮುಚ್ಚಿಡಬೇಡ. ನನ್ನ ಸೊಂಟ ಇನ್ನೂ ಗಟ್ಟಿಯಾಗಿದೆ. ಇನ್ನೊಂದು ಸಲ ತೆಗೆದುಕೊಳ್ಳಲಿ, ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಲಿ. ನಾಳೆಯೇ ವೆಲ್ಲೂರಿಗೆ ಹೊರಡುತ್ತೇನೆ. ಕೋಪದಲ್ಲಿ ಬರೆದದ್ದನ್ನೆಲ್ಲ ಪಕ್ಕಕ್ಕಿಡು, ನಿಜ ಬರೆ.

ಅಕ್ಕ


ಗೌರಿಬಿದನೂರು
2-6-1994

ಅಕ್ಕಾ,

ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ಓದದಿದ್ದರೆ ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ಇನ್ನೊಂದು ಸಲ ಮಜ್ಜೆ ಕೊಡುತ್ತೇನೆ ಎಂದಿರಿ. ಇನ್ನು ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಹಳೆಯ ಕಾಯಿಲೆ ಬಂದಿಲ್ಲ. ರಕ್ತ ಚೆನ್ನಾಗಿದೆ. ಪೂರ್ತಿ ನಿಮ್ಮದೇ ರಕ್ತ.

ಹೋದ ವರ್ಷ ವೆಲ್ಲೂರಿನ ಡಾಕ್ಟರು, ಮಜ್ಜೆ ಹಾಕಿದಾಗಿನಿಂದ ನುಂಗುತ್ತಿದ್ದ ಮಾತ್ರೆಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಬಂದರು. ದೀಪಾವಳಿ ಕಳೆದ ಮೇಲೆ ತೊಡೆ ನೋಯತೊಡಗಿತು. ಆಮೇಲೆ ನೋವಿಗಿಂತ ಬಲ ಕುಗ್ಗಿದ್ದೇ ಹೆಚ್ಚು. ಬೆರಳು ಸರಿಯಾಗಿವೆ, ಅಕ್ಷರ ನೋಡಿ, ಎಂದಿನಂತೆ ಇದೆ. ಆದರೆ ತೋಳು ತಲೆಯವರೆಗೆ ಏರುವುದಿಲ್ಲ. ಅದಕ್ಕೇ ಅಮ್ಮ ತಲೆ ಬಾಚುವುದು. ಬಸ್ಸಿನ ಮೆಟ್ಟಿಲಿಗೆ ಕಾಲು ಎತ್ತಿ ಇಡಲಾಗುವುದಿಲ್ಲ. ಒಂದು ದಿನ ಕಂಡಕ್ಟರು ಎಲ್ಲರೆದುರು ಕಂಕುಳಿಗೆ ಕೈ ಹಾಕಿ ಎಳೆದುಕೊಂಡ. ‘ಏನ್ ಸಾರ್, ನೋಡಕ್ಕೆ ಇಷ್ಟು ಗುಂಡಗಿದೀರ!’ ಎಂದ. ಅಂದಿನಿಂದ ಬಸ್ಸಿನ ಸಹವಾಸ ಬಿಟ್ಟೆ. ನೆಲದ ಮೇಲೆ ಕುಳಿತರೆ, ಏಳುವಾಗ ಮೊದಲು ಹೊರಳಬೇಕು, ಕೈಯೂರಬೇಕು, ಆಮೇಲೆ ಮಂಡಿ ಹಿಡಿದು, ತೊಡೆ ಹಿಡಿದು ನನ್ನ ಮೈಯನ್ನೇ ಮರದಂತೆ ಹತ್ತಬೇಕು. ಬೆಳಗ್ಗೆ ಕಕ್ಕಸಿನಿಂದ ನನ್ನನ್ನು ಎಬ್ಬಿಸುವವಳು ಅಮ್ಮ. ಎಪ್ಪತ್ತು ವರ್ಷದವಳು. ಇದಕ್ಕಿಂತ ಹೆಚ್ಚು ಬರೆಯಲು ನಾಚಿಕೆಯಾಗುತ್ತದೆ.

ಜನವರಿಯಲ್ಲಿ ವೆಲ್ಲೂರಿಗೆ ಹೋದೆ. ಅಲ್ಲಿ ನನ್ನ ತೊಡೆಯಿಂದ ಕಡಲೆಕಾಯಿ ಬೀಜದಷ್ಟು ಮಾಂಸ ತೆಗೆದು ನೋಡಿದರು. ಡಾಕ್ಟರು ತೆಲುಗಿನಲ್ಲಿ ನಿಧಾನವಾಗಿ ವಿವರಿಸಿದರು. ರಕ್ತದಲ್ಲಿ ಮೈ ಕಾಯುವ ಕಣಗಳಿರುತ್ತವಂತೆ. ಹೊರಗಿನಿಂದ ರೋಗ ಬಂದರೆ ಗುರುತು ಹಿಡಿದು ಕೊಲ್ಲುವುದು ಅವುಗಳ ಕೆಲಸ. ಮಜ್ಜೆಯ ಜೊತೆಗೆ ಅವೂ ಬಂದವು. ಬಂದ ಮನೆ ಬೇರೆಯವರದು ಎಂದು ಅವುಗಳಿಗೆ ಈಗಲೂ ಅನ್ನಿಸುತ್ತದಂತೆ. ಮಾತ್ರೆ ಇರುವ ತನಕ ಸುಮ್ಮನಿದ್ದವು, ಮಾತ್ರೆ ಕಡಿಮೆಯಾದ ಮೇಲೆ ನನ್ನ ಮಾಂಸದೊಳಕ್ಕೆ ನುಗ್ಗಿ ಅದನ್ನು ಪರಕೀಯವೆಂದು ತಿಳಿದು ಕಚ್ಚುತ್ತಿವೆ. ಅದರಿಂದಲೇ ಉರಿಯೂತ, ಅದರಿಂದಲೇ ಈ ನಿತ್ರಾಣ. ‘ಎಲ್ಲರಿಗೂ ಹೀಗಾಗಲ್ಲ, ನಿಮಗಾಗಿದೆ’ ಎಂದರು.

ನಾನು ಕೇಳಿದ ಒಂದೇ ಪ್ರಶ್ನೆ ಇದು: ‘ಅಂದರೆ ನಮ್ಮಕ್ಕನ ಕಣಗಳಾ?’ ಡಾಕ್ಟರು ನನ್ನ ಮುಖ ನೋಡಿ, ‘ತಪ್ಪು ಅವರದ್ದಲ್ಲ, ನಿಮ್ಮದೂ ಅಲ್ಲ. ಆ ಮಜ್ಜೆ ಇಲ್ಲದಿದ್ದರೆ ಈ ಪ್ರಶ್ನೆ ಕೇಳಲು ನೀವೇ ಇರುತ್ತಿರಲಿಲ್ಲ’ ಎಂದರು.

ನಿಮಗೆ ಹೇಗೆ ಹೇಳಲಿ ಅಕ್ಕ? ‘ನೀವು ಕೊಟ್ಟದ್ದೇ ನನ್ನನ್ನು ತಿನ್ನುತ್ತಿದೆ’ ಎಂದು ಯಾವ ಬಾಯಲ್ಲಿ ಹೇಳಲಿ? ಅಷ್ಟು ಕೃತಘ್ನತೆಯ ಮಾತು ಬರೆಯುವುದಕ್ಕಿಂತ ಸೊಕ್ಕಿನವನು ಎನ್ನಿಸಿಕೊಳ್ಳುವುದೇ ಮೇಲು ಎನ್ನಿಸಿತು.

ಭಾವ ಬಂದ ದಿನ ಏಳಬೇಕೆಂದು ಕುರ್ಚಿಯ ಕೈ ಹಿಡಿದೆ. ಆಗಲಿಲ್ಲ. ಅಮ್ಮ ಒಳಗೆ ಓಡಿಬಿಟ್ಟಿದ್ದಳು. ಹೊರಳಿ, ಒದ್ದಾಡಿ ಏಳುವುದನ್ನು ಭಾವ ನೋಡಿದರೆ ನಿಮಗೆ ಬಂದು ಹೇಳುತ್ತಾರೆ, ನೀವು ವೆಲ್ಲೂರಿಗೆ ಹೋಗಿ ಕೇಳುತ್ತೀರಿ. ಕುಳಿತೇ ಇದ್ದೆ. ತಟ್ಟೆ ಮುಂದೆ ಬಂದಾಗ, ತೆಗೆದುಕೊಂಡರೆ ಬೀಳಿಸುತ್ತೇನೆ ಎಂಬ ಭಯ. ಹುಡುಗಿಯ ಮದುವೆಯ ಅರಿಶಿನ ಕುಂಕುಮ ನೆಲಕ್ಕೆ ಚೆಲ್ಲುವುದಕ್ಕಿಂತ ಮೇಜೇ ಮೇಲಲ್ಲವೇ?

ಮಾತ್ರೆ ಹೆಚ್ಚಿಸಿದ್ದಾರೆ. ಮುಖ ಊದುವುದು ಅದರಿಂದಲೇ. ದಸ್ತಗಿರ್ ಸಾಬರಿಗೆ ಕಂಡ ಸಾಹುಕಾರಿಕೆ ಅದು. ನಿಧಾನವಾಗಿ ಇಳಿಯುತ್ತದೆ, ಬಲವೂ ಬರಬಹುದು ಎನ್ನುತ್ತಾರೆ. ಖಚಿತವಾಗಿ ಯಾರೂ ಹೇಳುವುದಿಲ್ಲ.

ಗಂಗರತ್ನ ನಡೆದುಕೊಂಡು ಬಂದಳೆಂದು ಓದಿ ಬಹಳ ಹೊತ್ತು ಕಾಗದ ಮಡಿಸಲಿಲ್ಲ.

ನಿಮ್ಮ
ಕೋನಪ್ಪ


ಮೇಲೂರು
14-6-1994

ಚಿ. ಕೋನಪ್ಪನಿಗೆ ಅಕ್ಕಯ್ಯಮ್ಮನ ಆಶೀರ್ವಾದಗಳು.

ಅಮ್ಮ ಹೇಗಿದ್ದಾಳೆ, ಅವಳ ತೋಳು ಹೇಗಿವೆ? ರಾಮಲಕ್ಷ್ಮಮ್ಮ ಹೇಗಿದ್ದಾಳೆ? ನೀನು ಹೇಗಿದ್ದೀಯ ಎಂದು ಈಗ ನಿಜವಾಗಿ ಕೇಳುತ್ತಿದ್ದೇನೆ. ಇಷ್ಟು ದಿನ ಕೇಳಿದ್ದೆಲ್ಲ ಬಾಯಿಮಾತಿಗೆ.

ನಿನ್ನ ಕಾಗದ ಬಂದು ಐದಾರು ದಿನವಾಯಿತು. ಎರಡು ಸಲ ಬರೆಯಲು ಕುಳಿತು ಹರಿದು ಹಾಕಿದೆ. ‘ಕುರ್ಚಿಯಿಂದ ನಿನ್ನ ಸೊಂಟ ಎತ್ತುವಷ್ಟು ಮರ್ಯಾದೆ ಇಲ್ಲವೇ’ ಎಂದು ಬರೆದ ಕೈ ಇದೇ. ಆ ಸಾಲನ್ನು ನೀನು ಆ ಕುರ್ಚಿಯ ಮೇಲೆಯೇ ಕುಳಿತು ಓದಿರುತ್ತೀಯ. ಹುಳಕ್ಕೆ ಸೊಪ್ಪು ಹಾಕುವಾಗ, ಮುದ್ದೆ ತಿರುವುವಾಗ ಅದೇ ಸಾಲು ನೆನಪಾಗಿ ಮುಖ ಬೆಚ್ಚಗಾಗುತ್ತದೆ. ಆ ಕಾಗದ ಇದ್ದರೆ ಒಲೆಗೆ ಹಾಕು.

ಇನ್ನೊಂದು ವಿಷಯ ನಿನ್ನಿಂದ ನಾನೂ ಮುಚ್ಚಿಟ್ಟಿದ್ದೆ. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದ ದಿನ ಅವರ ದೊಡ್ಡಪ್ಪ ಒಂದು ಮಾತು ಕೇಳಿದರು. ‘ಹುಡುಗಿ ತಾಯಿ ಕಡೆ ರಕ್ತದ ಕಾಯಿಲೆ ಐತಂತೆ, ಅದೇನು ವಂಶದಲ್ಲಿ ಬರೋದಾ?’ ನನಗೆ ಭೂಮಿ ಬಾಯಿಬಿಟ್ಟ ಹಾಗಾಯಿತು. ‘ಇಲ್ಲ ಸ್ವಾಮಿ, ನನ್ನ ತಮ್ಮ ಗುಂಡುಕಲ್ಲಿನ ಹಾಗವ್ನೆ. ಮದುವೆ ದಿನ ಹುಡುಗೀನ ಅವನೇ ಎತ್ಕಂಡು ಬರ್ತಾನೆ, ಕಣ್ಣಾರೆ ನೋಡಿ’ ಎಂದುಬಿಟ್ಟೆ. ಅದಕ್ಕೇ ನಿನ್ನನ್ನು ಅಷ್ಟು ಪೀಡಿಸಿದ್ದು. ಶಾಸ್ತ್ರಕ್ಕಲ್ಲ ಕೋನಪ್ಪ, ಅವರಿಗೆ ತೋರಿಸಲು. ಸಂತೆಯಲ್ಲಿ ಎತ್ತಿನ ಹಲ್ಲು ಬಿಡಿಸಿ ತೋರಿಸುತ್ತಾರಲ್ಲ, ಹಾಗೆ ನನ್ನ ತಮ್ಮನನ್ನು ತೋರಿಸಲು ಹೊರಟಿದ್ದೆ. ಕಾಯಿಲೆ ಬಿದ್ದವನು ನೀನು. ಅದನ್ನು ಹೇಳಿಕೊಳ್ಳಲು ನಾಚಿದವಳು ನಾನು. ಚಪ್ಪರದಲ್ಲಿ ಆ ದೊಡ್ಡಪ್ಪ ‘ಎಲ್ಲಿ ಕಣಮ್ಮ ಗುಂಡುಕಲ್ಲು?’ ಎಂದಾಗ ‘ರಜೆ ಸಿಗಲಿಲ್ಲ’ ಎಂದು ಸುಳ್ಳು ಹೇಳಿದೆ. ನಿನ್ನದೇ ಸುಳ್ಳು, ನನಗೂ ಒದಗಿತು.

ನಿನ್ನ ಕಾಗದವನ್ನು ಭಾವನಿಗೆ ಓದಿ ಹೇಳಿದೆ. ತಟ್ಟೆಯ ವಿಷಯ ಬಂದಾಗ ‘ಇನ್ನೊಂದ್ಸಲ ಓದು’ ಎಂದರು. ಓದಿದೆ. ಎದ್ದು ಹಿಪ್ಪುನೇರಳೆ ತೋಟಕ್ಕೆ ಹೋದರು. ಸೊಪ್ಪು ತರುತ್ತಾರೆ ಎಂದುಕೊಂಡರೆ ಬರಿಗೈಯಲ್ಲಿ ಬಂದರು.

‘ನಾನಾದ್ರೂ ಒಂದು ಮಾತು ಯಾಕಪ್ಪ ಅಂತ ಕೇಳ್ಬೋದಿತ್ತು ಕಣೇ,’ ಎಂದರು. ‘ಊರೆಲ್ಲ ಹೇಳ್ಕಂಡು ತಿರುಗ್ದೆ. ಅವನನ್ನ ಕೇಳ್ಲಿಲ್ಲ.’

ಈಗ ಆ ಕಣಗಳ ವಿಷಯ. ನನ್ನವು ಅಂದೆಯಲ್ಲ, ಹಾಗಾದರೆ ಅವುಗಳ ಬುದ್ಧಿ ನನಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಹೇಗಿದ್ದೆ, ನೆನಪಿದೆಯೇ? ಅತ್ತೆ ಸೌಟು ಮುಟ್ಟಿದರೆ ನನಗೆ ಕೋಪ, ಮೈದುನ ಕೆಮ್ಮಿದರೆ ನನಗೆ ಅನುಮಾನ. ಎಲ್ಲರೂ ಪರಕೀಯರು, ನಾನೊಬ್ಬಳೇ ಸರಿ. ಮೂರು ವರ್ಷ ಕಚ್ಚಾಡಿದೆ. ಈವತ್ತು ಈ ಮನೆಯ ಮೇಲೆ ಯಾರಾದರೂ ಒಂದು ಮಾತು ಆಡಿದರೆ ಮೊದಲು ಜಗಳಕ್ಕೆ ನಿಲ್ಲುವವಳು ನಾನೇ. ನನ್ನ ರಕ್ತ ಸ್ವಲ್ಪ ನಿಧಾನ ಕಣಪ್ಪ. ಮನೆ ತನ್ನದೆಂದು ತಿಳಿಯಲು ಅದಕ್ಕೆ ಕಾಲ ಬೇಕು. ಅಲ್ಲಿಯ ತನಕ ಡಾಕ್ಟರ ಮಾತ್ರೆ ಬಿಡಬೇಡ. ಗಲಾಟೆಯ ಸೊಸೆಯನ್ನು ಗದರಿಸುವ ಹಿರಿಯರೊಬ್ಬರು ಇರಬೇಕು.

ಹೀಗೆ ತಮಾಷೆಯಾಗಿ ಬರೆದೆನೆಂದು ನನಗೆ ಏನೂ ಅನ್ನಿಸಿಲ್ಲ ಎಂದುಕೊಳ್ಳಬೇಡ. ಮೊನ್ನೆ ಸ್ನಾನ ಮಾಡುವಾಗ ಸೊಂಟದ ಹಿಂದಿನ ಸೂಜಿಯ ಗುರುತಿಗೆ ಕೈ ತಾಕಿತು. ಇಷ್ಟು ದಿನ ಆ ಜಾಗ ಮುಟ್ಟಿದಾಗಲೆಲ್ಲ ಒಂದು ಗರ್ವ ಬರುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ತಮ್ಮನನ್ನು ಬದುಕಿಸಿದವಳು ನಾನು ಎಂಬ ಗರ್ವ. ಆ ಕೆಟ್ಟ ಕಾಗದ ಬರೆದದ್ದು ಆ ಗರ್ವವೇ. ಅದನ್ನು ಇಳಿಸಿದ್ದೇನೆ. ನೀನು ನನಗೆ ಏನನ್ನೂ ಹೊರಬೇಕಾಗಿಲ್ಲ, ಎತ್ತಬೇಕಾಗಿಲ್ಲ.

ಆಷಾಢಕ್ಕೆ ಗಂಗರತ್ನ ತವರಿಗೆ ಬರುತ್ತಾಳೆ. ವಿಷಯವೆಲ್ಲ ತಿಳಿದು ಹೇಳಿಕಳಿಸಿದ್ದಾಳೆ, ‘ಮಾವ ನನ್ನ ಎತ್ತದಿದ್ರೆ ಏನಾಯ್ತು, ಬಸ್ ಹತ್ತೋವಾಗ ನಾನೇ ಮಾವನ್ನ ಎತ್ಕತೀನಿ. ಸೊಪ್ಪಿನ ಮೂಟೆಗಿಂತ ಭಾರಾನಾ?’ ನಿನ್ನನ್ನು ಇಲ್ಲಿಗೆ ಕರೆತರಲು ಮೇಷ್ಟರೂ ಜೊತೆಗೆ ಬರುತ್ತಾರಂತೆ. ತಮ್ಮ ದೊಡ್ಡಪ್ಪನಿಗೆ ನಿನ್ನ ಕಾಯಿಲೆಯ ವಿಷಯವನ್ನು ಇದ್ದದ್ದು ಇದ್ದ ಹಾಗೆ ಅವರೇ ಹೇಳಿದರಂತೆ. ದೊಡ್ಡಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಇರಲಿ.

ಅದಕ್ಕೂ ಮೊದಲು, ಬರುವ ಭಾನುವಾರ ನಿನ್ನ ಭಾವ ಅಲ್ಲಿಗೆ ಬರುತ್ತಾರೆ. ಅದೇ ತಟ್ಟೆ, ಅದೇ ಎಲೆ ಅಡಿಕೆ. ‘ಮದುವೆ ಮುಗಿದ ಮೇಲೆ ಎಂಥ ಕರೆಯೋಲೆ?’ ಎಂದೆ. ‘ಅದು ನನ್ನ ಅವನ ವಿಷಯ, ನೀನು ಸುಮ್ನಿರು’ ಎಂದರು. ನೀನು ಏಳಲು ಪರದಾಡಬೇಡ. ಬಾಗಿಲು ದಾಟುತ್ತಲೇ ನಿನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತುಬಿಡುತ್ತಾರಂತೆ. ತಟ್ಟೆಯನ್ನು ನಿನ್ನ ತೊಡೆಯ ಮೇಲೇ ಇಡುತ್ತಾರಂತೆ. ನಿಂತವರೇ ಇಲ್ಲದ ಕಡೆ ಎದ್ದು ನಿಲ್ಲುವ ಮಾತು ಎಲ್ಲಿಂದ ಬರುತ್ತದೆ?

ಅವರು ಬಂದುಹೋದ ಮೇಲೆ ನನಗೆ ಬರೆ. ‘ಚೆನ್ನಾಗಿದ್ದೇವೆ’ ಎಂದು ಬರೆಯಬೇಡ, ಅದನ್ನು ನಾನಿನ್ನು ನಂಬುವುದಿಲ್ಲ. ಆ ದಿನ ಬೆಳಗ್ಗೆ ಅಮ್ಮನ ಕೈ ಹಿಡಿದು ಎದ್ದೆಯಾ, ಗೋಡೆ ಹಿಡಿದು ಎದ್ದೆಯಾ, ಏಳಲು ಆಗಲೇ ಇಲ್ಲವಾ, ಅದನ್ನೇ ಬರೆ. ಆಗಲಿಲ್ಲ ಎಂದಿದ್ದರೂ ಬರೆ. ಬೇಗ ಬರೆಯಪ್ಪ, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ